ನಮ್ಮ ಯಜಮಾನರು ಮಂಗನಿಗೆ ಹೆಗಲು ಕೊಟ್ಟದ್ದು

ನಮ್ಮ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ನಮ್ಮ ಯಜಮಾನರು ಮಾತ್ರೆ ತಂದುಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಯಾವಾಗಿನಿಂದ ಕೆಮ್ಮು? ಮೊದಲು ಯಾರಿಗೆ ಹೇಳಿದೆ? ಹೇಳದೆ ಇದ್ದರೆ ಯಾಕೆ ಹೇಳಲಿಲ್ಲ? ಕೆಮ್ಮುವವರು ಸುಸ್ತಾಗಿ ಕೆಮ್ಮು ನಿಲ್ಲಿಸಬೇಕೇ ಹೊರತು ಇವರ ಪ್ರಶ್ನೆ ನಿಲ್ಲುವುದಿಲ್ಲ. ಇದು ಅವರ ಚಟವಲ್ಲ, ಉದ್ಯೋಗ. ಇದಕ್ಕೆ ಸಂಬಳ ಕೊಡುವವರೂ ಇದ್ದಾರೆ ಎಂದು ನಂಬಲು ನಮ್ಮ ಮಾವನಿಗೆ ಬಹಳ ವರ್ಷ ಹಿಡಿಯಿತು.

ಯಜಮಾನರ ಹೆಸರು ಗುರುಪ್ರಕಾಶ್. ಶಿಕಾರಿಪುರದಲ್ಲಿ ಮೆಕ್ಕೆಜೋಳದ ಮಂಡಿ ಇಟ್ಟಿದ್ದ ವೀರಬಸಪ್ಪನವರ ಒಬ್ಬನೇ ಮಗ. ಚಿಕ್ಕಂದಿನಲ್ಲಿ ಮಂಡಿಯಲ್ಲಿ ಕೂರಿಸಿದರೆ, ಜೋಳ ತಂದ ರೈತನನ್ನು ಹಿಡಿದುಕೊಂಡು, ಈ ಸಲ ಜೋಳವನ್ನೇ ಯಾಕೆ ಹಾಕಿದಿರಿ, ಮನೆಯಲ್ಲಿ ಯಾರು ತೀರ್ಮಾನ ಮಾಡಿದ್ದು, ಹೆಂಗಸರನ್ನು ಕೇಳಿದಿರಾ ಎಂದು ಶುರು ಮಾಡುತ್ತಿದ್ದರಂತೆ. ಅಷ್ಟರಲ್ಲಿ ಅವನ ಹಿಂದೆ ನಿಂತಿದ್ದ ಟ್ರ್ಯಾಕ್ಟರು ಪಕ್ಕದ ಮಂಡಿಗೆ ತಿರುಗಿರುತ್ತಿತ್ತು. "ಇವ್ನ ಕೈಗೆ ತಕ್ಕಡಿ ಕೊಟ್ರೆ ತಕ್ಕಡೀನೇ ಎದ್ದು ಓಡಿಹೋಗ್ತದ್ರೀ" ಎಂದು ಮಾವ ಈಗಲೂ ಬಂದವರ ಮುಂದೆ ಹೇಳುತ್ತಾರೆ. ಕೊನೆಗೆ ಅವರೇ ಸೋತು ಮಗನನ್ನು ಸಮಾಜಶಾಸ್ತ್ರ ಓದಲು ಕಳಿಸಿದರು. ನಾನು ಸೊಸೆಯಾಗಿ ಬಂದ ಮೇಲೆ ಮಂಡಿಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಮಾವನಿಗೆ ನೆಮ್ಮದಿಯಾಯಿತು, ಮಗನಿಗೆ ಅದಕ್ಕಿಂತ ಹೆಚ್ಚಿನ ನೆಮ್ಮದಿಯಾಯಿತು.

ಪ್ರಶ್ನೆ ಕೇಳುವುದೂ ಒಂದು ಕೆಲಸವೇ ಎಂದು ನನ್ನನ್ನು ಕೇಳುವವರಿದ್ದಾರೆ. ಒಂದು ಊರಿಗೆ ರೋಗ ಬಂತು ಎನ್ನಿ. ಡಾಕ್ಟರು ರಕ್ತ ನೋಡುತ್ತಾರೆ, ಇನ್ನೊಬ್ಬರು ಹುಳ ನೋಡುತ್ತಾರೆ. ಆದರೆ ಆ ಊರಿನ ಜನ ಜ್ವರ ಬಂದರೂ ಯಾಕೆ ಹೇಳುವುದಿಲ್ಲ, ಕೊಟ್ಟ ಔಷಧಿಯನ್ನು ಯಾಕೆ ಅಟ್ಟದ ಮೇಲಿಡುತ್ತಾರೆ ಎಂಬುದನ್ನು ಯಾರಾದರೂ ನೋಡಬೇಕಲ್ಲ? ಅದಕ್ಕೆಂದು ಬೇರೆ ಬೇರೆ ಸಂಸ್ಥೆಗಳಿಂದ ಸಂಶೋಧಕರ ತಂಡಗಳು ಬರುತ್ತವೆ. ಆ ತಂಡಗಳನ್ನು ಯಾವ ಊರಿಗೆ ಕಳಿಸಬೇಕು, ಏನು ಕೇಳಿಸಬೇಕು, ಕೇಳಿದ್ದನ್ನು ಸಾಯಂಕಾಲಕ್ಕೆ ಒಂದು ಪುಟಕ್ಕಿಳಿಸಿ ರೋಗ ತಡೆಯುವ ಅಧಿಕಾರಿಗಳ ಸಭೆಗೆ ಹೇಗೆ ಮುಟ್ಟಿಸಬೇಕು, ಇದೆಲ್ಲ ನಮ್ಮ ಯಜಮಾನರ ಉಸ್ತುವಾರಿ. ಮದುವೆ ಮನೆಯಲ್ಲಿ ಪಂಕ್ತಿ ನೋಡಿಕೊಳ್ಳುವವರು ಇರುತ್ತಾರಲ್ಲ, ಹಾಗೆ. ಬಡಿಸುವುದೂ ಅವರಲ್ಲ, ಉಣ್ಣುವುದೂ ಅವರಲ್ಲ. ಉಪ್ಪಿನಕಾಯಿ ಎರಡು ಸಲ ಬಂದರೆ ಮಾತ್ರ ಬೈಸಿಕೊಳ್ಳುವವರು ಅವರು.

ಬೈನೆಗದ್ದೆಯಲ್ಲಿ ಉಪ್ಪಿನಕಾಯಿ ಮೂರು ಸಲ ಬಂದಿತ್ತು.

ಬೈನೆಗದ್ದೆ ಇರುವುದು ಸೊರಬ ತಾಲ್ಲೂಕಿನಲ್ಲಿ, ಕಾಡಿನ ಅಂಚಿಗೆ. ಹೋದ ಚಳಿಗಾಲದ ಕೊನೆಯಲ್ಲಿ ಅಲ್ಲಿ ಮಂಗನ ಕಾಯಿಲೆ ಕಾಣಿಸಿತು. ಸೊರಬದವರಿಗೆ ಇದು ಹೊಸತಲ್ಲ. ಕ್ಯಾಸನೂರು ಕಾಡು ಅವರ ತಾಲ್ಲೂಕಿನದೇ, ಈ ರೋಗಕ್ಕೆ ವೈದ್ಯರ ಪುಸ್ತಕದಲ್ಲಿ ಆ ಕಾಡಿನದೇ ಹೆಸರು. ಕಾಡಿನ ಉಣುಗು, ಎಂದರೆ ರಕ್ತ ಹೀರುವ ಉಣ್ಣೆ, ಕಚ್ಚಿದರೆ ಬರುವ ಜ್ವರ ಅದು. ಮಂಗಗಳೂ ಅದರಿಂದಲೇ ಸಾಯುತ್ತವೆ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗು ಕೆಳಗಿಳಿದು ಬೇರೆ ಮೈ ಹುಡುಕುತ್ತದೆ. ಆದ್ದರಿಂದ ಸತ್ತ ಮಂಗ ಕಂಡ ಕೂಡಲೇ ಯಾರೂ ಮುಟ್ಟದೆ ಆಸ್ಪತ್ರೆಗೆ ಫೋನು ಮಾಡಬೇಕು, ಮೊದಲ ಪಾಠವೇ ಅದು. ಬೈನೆಗದ್ದೆಯ ಕಲ್ಲಪ್ಪನ ಹೆಂಡತಿ ತುಂಗಮ್ಮ ಹದಿನೈದು ದಿನ ಜ್ವರದಲ್ಲಿ ಬಿದ್ದು, ದೂರದ ಆಸ್ಪತ್ರೆಗೆ ಹೋಗಿ, ಹೋದ ಜೀವ ವಾಪಸು ಬಂದಂತೆ ಮನೆಗೆ ಬಂದಿದ್ದಳು. ಅಷ್ಟಾದರೂ ಊರಿನವರದು ಒಂದೇ ಮಾತು: ನಮ್ಮಲ್ಲಿ ಒಂದೂ ಮಂಗ ಸತ್ತಿಲ್ಲ.

ಡಾಕ್ಟರುಗಳು ನಂಬಲಿಲ್ಲ. ಸಭೆಯಲ್ಲಿ ಅಧಿಕಾರಿಗಳು ಕಡ್ಡಿ ಮುರಿದಂತೆ ಹೇಳಿಬಿಟ್ಟರಂತೆ. ಮಂಗ ಎಲ್ಲಿ ಸಾಯುತ್ತಿದೆ ಎಂದೇ ಗೊತ್ತಾಗದಿದ್ದರೆ ಮದ್ದು ಎಲ್ಲಿ ಹೊಡೆಯುವುದು? ಬರುವ ಶುಕ್ರವಾರದೊಳಗೆ ಊರಿನವರು ಬಾಯಿ ಬಿಡದಿದ್ದರೆ ಆ ಬದಿಯ ಕಾಡನ್ನೇ ಮಳೆಗಾಲದವರೆಗೆ ಬಂದ್ ಮಾಡುತ್ತೇವೆ. ಬಂದ್ ಎಂದರೆ ದನ ಬಿಡುವಂತಿಲ್ಲ, ಕೊಟ್ಟಿಗೆಗೆ ಹಾಸುವ ಒಣ ಎಲೆ ಗುಡಿಸಿ ತರುವಂತಿಲ್ಲ. ಆ ಎಲೆಯಿಂದಲೇ ಅವರ ಗೊಬ್ಬರ, ಆ ಗೊಬ್ಬರದಿಂದಲೇ ಗದ್ದೆ. ಇಡೀ ಊರಿನ ಒಂದು ವರ್ಷ ಕೈಬಿಟ್ಟು ಹೋಗುತ್ತದೆ. ನಮ್ಮವರು ಎದ್ದು ನಿಂತು, "ಒಂದು ವಾರ ಕೊಡಿ ಸರ್, ಯಾಕೆ ಹೇಳ್ತಿಲ್ಲ ಅಂತ ನಾನು ತಿಳ್ಕೊಂಡು ಬರ್ತೀನಿ" ಎಂದರಂತೆ. ಮನೆಗೆ ಬಂದು ಇದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಮದುವೆಯ ದಿನ ಇದ್ದ ಕಳೆ ಇತ್ತು.

ಅವರ ತಂಡದಲ್ಲಿ ರಕ್ಷಿತಾ ಎಂಬ ಹುಡುಗಿ ಇದ್ದಳು. ತೊಗರ್ಸಿಯವಳು, ಎಂ.ಎ. ಮುಗಿಸಿ ಆಗಷ್ಟೇ ಸೇರಿದ್ದವಳು. ಅವಳಿಗೆ ತರಬೇತಿ ಕೊಟ್ಟದ್ದು ನಮ್ಮ ಪಡಸಾಲೆಯಲ್ಲೇ. ನಾನು ಕಾಳು ಆರಿಸುತ್ತ ಎಲ್ಲ ಕೇಳಿಸಿಕೊಂಡಿದ್ದೇನೆ. "ನಾವು ನೋಡೋಕೆ ಹೋಗಿರೋದು ಕಣಮ್ಮ, ಸೇರೋಕಲ್ಲ. ಬುದ್ಧಿ ಹೇಳಬಾರದು. ತಪ್ಪು ಅನ್ನಬಾರದು. ಅವರ ಪೂಜೆ, ಜಗಳ, ಊಟ ಏನೇ ನಡೀಲಿ, ಇಪ್ಪತ್ತು ಅಡಿ ದೂರ ಕೈಕಟ್ಟಿ ನಿಂತ್ಕೋಬೇಕು. ಮದುವೆಗೆ ಹೋದ್ರೂ ಅಕ್ಷತೆ ಹಾಕಬಾರದು." ರಕ್ಷಿತಾ ಇಪ್ಪತ್ತು ಅಡಿ ಎಂದು ಬರೆದುಕೊಂಡು ಅಡಿಗೆ ಗೆರೆ ಎಳೆದಳು. ಅಕ್ಷತೆ ಹಾಕದೆ ಬಂದರೆ ಊಟಕ್ಕೆ ಕೂರಬಹುದೇ ಎಂದು ನಾನು ಕೇಳಿದೆ.

ಆ ವಾರ ಅವರು ದಿನಾ ಬೈನೆಗದ್ದೆಗೆ ಹೋದರು. ತೊಂದರೆ ಏನೆಂದರೆ, ಇವರ ತಂಡಕ್ಕಿಂತ ಮೊದಲೇ ಬೇರೆ ಎರಡು ತಂಡಗಳು ಅಲ್ಲಿಗೆ ಹೋಗಿ ಅದೇ ಪ್ರಶ್ನೆ ಕೇಳಿ ಬಂದಿದ್ದವು. ಊರಿನ ಹಿರಿಯ ರಂಗಪ್ಪ ಜಗಲಿಯ ಮೇಲೆ ಚಾಪೆ ಹಾಸಿ, "ಕೂರಿ ಮಾರಾಯ್ರೆ. ನೀವು ಕೇಳೋದು ಬ್ಯಾಡ, ನಾನೇ ಹೇಳ್ತೀನಿ. ಮನೇಲಿ ಆರು ಜನ. ದನ ನಾಲ್ಕು. ಕಾಡಿಗೆ ಹೋಗ್ತೀವಿ. ನೀವು ಕೊಟ್ಟ ಎಣ್ಣೆ ಹಚ್ಕೊಂಡೇ ಹೋಗ್ತೀವಿ. ಮಂಗ ಸತ್ರೆ ಫೋನ್ ಮಾಡ್ತೀವಿ. ಇನ್ನು ಚಾ ಕುಡೀರಿ" ಎಂದು ಒಂದೇ ಉಸಿರಿಗೆ ಮುಗಿಸಿದರಂತೆ. ಎಲ್ಲ ಮನೆಯಲ್ಲೂ ಇದೇ ಪಲ್ಲವಿ. ಉಣುಗು ಹತ್ತದಿರಲೆಂದು ಕೈಕಾಲಿಗೆ ಹಚ್ಚುವ ಆ ಎಣ್ಣೆಯನ್ನು ಊರಿಗೆ ಊರೇ ಹಚ್ಚುತ್ತದೆ ಎಂದು ಉತ್ತರಗಳು ಹೇಳಿದವು. ಬಾಟಲಿಗಳು ಮಾತ್ರ ಮನೆಮನೆಯ ಕಿಟಕಿಯಲ್ಲಿ ಮುಚ್ಚಳ ತೆರೆಯದೆ ಸಾಲಾಗಿ ಕೂತಿದ್ದವು.

ಗುರುವಾರ ಬಂತು. ನಾಳೆ ಸಭೆ, ಇವರ ಕೈಯಲ್ಲಿ ಚಾ ಕುಡಿದ ಲೆಕ್ಕ ಬಿಟ್ಟರೆ ಏನೂ ಇಲ್ಲ. ಮಧ್ಯಾಹ್ನ ಇವರು ರಕ್ಷಿತಾಳನ್ನು ಕರೆದುಕೊಂಡು, ಸಪ್ಪೆ ಮುಖ ಹಾಕಿಕೊಂಡು ಊರಿನಿಂದ ಹೊರಟರು. ಮುಂದಿನದನ್ನು ನಾನು ನೋಡಿಲ್ಲ. ರಕ್ಷಿತಾ ಹೇಳಿದ್ದನ್ನು ಹೇಳುತ್ತೇನೆ. ಯಜಮಾನರು ಹೇಳಿದ್ದರಲ್ಲಿ ಸ್ವಲ್ಪ ಮಜ್ಜಿಗೆ ನೀರಾಗಿದೆ.

ಕೆರೆ ಏರಿಯ ತಿರುವಿನಲ್ಲಿ ಜಾಗಟೆ ಸದ್ದು ಕೇಳಿಸಿತಂತೆ. ಎದುರಿಗೆ ಬಿದಿರಿನ ಚಟ್ಟ ಹೊತ್ತು ನಾಲ್ವರು ಬರುತ್ತಿದ್ದರು. ಚಟ್ಟದ ಮೇಲೆ, ಹಣೆಗೆ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಬಿಳಿ ಪಂಚೆ ಹೊದಿಸಿದ ಒಂದು ಮಂಗ. ನಮ್ಮ ಕಡೆ ಮಂಗ ಸತ್ತರೆ ಹಾಗೇ ಬಿಸಾಡುವುದಿಲ್ಲ. ಅದು ಹನುಮಂತನ ರೂಪ. ಮನೆಯ ಹಿರಿಯರನ್ನು ಕಳಿಸಿಕೊಡುವಂತೆ ಕಳಿಸಿ, ಮಣ್ಣು ಮಾಡಿ, ಹನ್ನೊಂದನೇ ದಿನ ನಾಲ್ಕು ಜನಕ್ಕೆ ಅನ್ನ ಹಾಕುವ ಊರುಗಳಿವೆ. ಹುಚ್ಚುರಾಯಸ್ವಾಮಿ ಎಂಬ ಹನುಮಂತನ ಗುಡಿಗೆ ಕೈಮುಗಿದು ಬೆಳೆದ ಶಿಕಾರಿಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಕುತ್ತಿದ್ದದ್ದು ಎದುರಿಗೇ ಬಂದಿದೆ! ರಕ್ಷಿತಾ ಥಟ್ಟನೆ ಹಿಂದೆ ಸರಿದು, ಕಣ್ಣಳತೆಯಲ್ಲೇ ಇಪ್ಪತ್ತು ಅಡಿ ಅಳೆದು, ಕೈಕಟ್ಟಿ ನಿಂತಳು. ಸರ್ ಕೂಡ ಪಕ್ಕದಲ್ಲೇ ನಿಂತಿರುತ್ತಾರೆ ಎಂದು ತಿರುಗಿ ನೋಡಿದರೆ ಪಕ್ಕದಲ್ಲಿ ಸರ್ ಇಲ್ಲ, ಅವರ ಚಪ್ಪಲಿ ಇದೆ!

ಹಿಂದಿನ ಬಲಗಡೆಯ ಹೆಗಲು ರಂಗಪ್ಪನವರದಂತೆ. ವಯಸ್ಸಾದವರು, ಏರಿ ಹತ್ತುವಾಗ ಏದುಸಿರು ಬಿಟ್ಟು ನಿಂತಿದ್ದಾರೆ. ಎದುರಿಗೆ ಚಟ್ಟ ಬಂದರೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಹೆಗಲು ಕೊಡುವುದು ನಮ್ಮ ಯಜಮಾನರ ಮನೆತನದಲ್ಲಿ ನಡೆದುಕೊಂಡು ಬಂದದ್ದು. ಹೆಗಲು ಕೊಡದೆ ನಿಲ್ಲುವವನನ್ನು ಮಾವ ಮನುಷ್ಯನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇವರು ಹೋಗಿ ರಂಗಪ್ಪನವರ ಭುಜ ಮುಟ್ಟಿ, ಅವರನ್ನು ಪಕ್ಕಕ್ಕೆ ಸರಿಸಿ, ಚಟ್ಟಕ್ಕೆ ಹೆಗಲು ಕೊಟ್ಟು ಹೊರಟೇಬಿಟ್ಟರು. "ಸರ್! ಸರ್!" ಎಂದು ರಕ್ಷಿತಾ ಇಪ್ಪತ್ತು ಅಡಿ ದೂರದಿಂದಲೇ ಕೂಗಿದಳಂತೆ. ಜಾಗಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ನಾಲ್ಕು ಹೆಜ್ಜೆಯೂ ಅಲ್ಲ, ಗುಂಡಿಯವರೆಗೂ ಹೊತ್ತು, ಒಂದು ಹಿಡಿ ಮಣ್ಣು ಹಾಕಿ, ಕೆರೆಯಲ್ಲಿ ಕೈಕಾಲು ತೊಳೆಯುವಾಗ ಅವರಿಗೆ ತಾವು ಯಾರು ಎಂಬುದು ನೆನಪಾಯಿತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಆದರೆ ಒಂದು ವಾರ ಕೇಳಿ ಸಿಗದಿದ್ದ ಉತ್ತರ ಆಗ, ಕೇಳದೆಯೇ ಸಿಕ್ಕಿತು. ರಂಗಪ್ಪ ಅವರ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು ಹೇಳಿದರಂತೆ: "ಇದು ಮೂರನೇದು. ಮುಚ್ಚಿಟ್ಟಿದ್ದು ಹೌದು. ಎಂತ ಮಾಡೋದು ಹೇಳಿ? ಫೋನ್ ಮಾಡಿದ್ರೆ ಬರ್ತಾರೆ, ಮೊದಲು ಬೈತಾರೆ. ಆಮೇಲೆ ಕೊಯ್ತಾರೆ, ಚೀಲಕ್ಕೆ ತುಂಬಿ ಸುಡ್ತಾರೆ. ಒಂದು ಹೂವಿಲ್ಲ, ನೀರಿಲ್ಲ. ದಿಕ್ಕಿಲ್ಲದ ಹೆಣ ಸುಟ್ಟಂಗೆ. ಸುಡೋದು ಬ್ಯಾಡ ಅಂತ ನಾವು ಹೇಳಲ್ಲ ಮಾರಾಯ್ರೆ. ತುಂಗಮ್ಮ ಪಟ್ಟ ಪಾಡು ನಾವೂ ನೋಡೀವಿ. ಆದ್ರೆ ಒಂದು ಹಾರನಾದ್ರೂ ಹಾಕೋಕೆ ಬಿಡ್ಬೇಕಲ್ಲ?"

ಆ ಸಾಯಂಕಾಲ ಯಜಮಾನರು ಮನೆಗೆ ಬಂದವರೇ ಬಚ್ಚಲಿಗೆ ಹೋಗಿ, ಬಿಸಿನೀರಲ್ಲಿ ಸೋಪು ಹಾಕಿ, ಅಂಗಿ ಪಂಚೆಯನ್ನು ತಾವೇ ಒಗೆದು ಹಿಂಡಿ ಹರವಿದರು. ಮದುವೆಯಾದ ಮೇಲೆ ಮೊದಲ ಸಲ. ನಾನು ಬಾಗಿಲ ಸಂದಿಯಿಂದ ನೋಡಿ, ಹೆಂಡತಿಯ ಕಷ್ಟ ಕೊನೆಗೂ ಅರ್ಥವಾಯಿತಲ್ಲ ಎಂದು ಕರಗಿಹೋದೆ. ರಾತ್ರಿ ಊಟಕ್ಕೆ ಹೋಳಿಗೆ ಮಾಡಿದೆ. ಹಾಗೆ ದಂಡವಾದ ಹೋಳಿಗೆ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ.

ಶುಕ್ರವಾರ ಸಭೆಯಲ್ಲಿ ಅವರು ಎಲ್ಲ ಹೇಳಿದರು. ಮೂರು ಮಂಗ ಸತ್ತದ್ದು, ಎಲ್ಲಿ ಸತ್ತದ್ದು, ಯಾಕೆ ಮುಚ್ಚಿಟ್ಟದ್ದು. ಸುಡುವ ಮೊದಲು ಊರಿನವರು ದೂರ ನಿಂತು ಪೂಜೆ ಮಾಡಲಿ, ಮೈತುಂಬ ಕವಚ ಹಾಕಿಕೊಂಡ ಸಿಬ್ಬಂದಿಯೇ ಅವರ ಪರವಾಗಿ ಹಾರ ಹಾಕಲಿ, ಯಾರೂ ಬೈಯುವುದು ಬೇಡ, ಇಷ್ಟು ಮಾಡಿದರೆ ಅವರು ಫೋನು ಮಾಡುತ್ತಾರೆ ಎಂದು ವಾದಿಸಿದರು. ಅಧಿಕಾರಿಗಳು ಯೋಚಿಸಿ ಒಪ್ಪಿದರು, ಆದರೆ ಒಂದು ಷರತ್ತು. ಮುಂದಿನ ಮಂಗ ಸತ್ತಾಗ ಊರಿನವರೇ ಮುಟ್ಟದೆ ತಿಳಿಸಬೇಕು. ಇನ್ನೊಂದು ಚಟ್ಟ ಕದ್ದು ಹೊರಟರೆ ಅವತ್ತೇ ಕಾಡು ಬಂದ್. ನಮ್ಮವರು ಅದಕ್ಕೆ ಜಾಮೀನು ನಿಂತರು. ಎಲ್ಲ ಹೇಳಿದವರು ಒಂದನ್ನು ಮಾತ್ರ ಹೇಳಲಿಲ್ಲ. ಹೆಗಲು ಕೊಟ್ಟವರು "ಊರಿನ ಕೆಲವರು" ಎಂದುಬಿಟ್ಟರು. ನನಗಂತೂ ಹೆಗಲಿನ ಸುದ್ದಿಯೇ ಇಲ್ಲ.

ಚಟ್ಟ ಹೊತ್ತವರಿಗೆಲ್ಲ ಜ್ವರ ಬರುತ್ತದೆಯೇ ಎಂದು ಕೆಲ ದಿನ ಕಾಯಬೇಕು. ಅದಕ್ಕಾಗಿ ಆರೋಗ್ಯದ ಸಿಬ್ಬಂದಿ ಬೈನೆಗದ್ದೆಗೆ ಹೋಗಿ, ಯಾರು ಯಾರು ಹೊತ್ತಿರಿ ಎಂದು ಮೆಲ್ಲಗೆ ಕೇಳಿದರು. ಬೈಯಲಿಲ್ಲ. ಬೈಯದಿದ್ದುದರಿಂದ ರಂಗಪ್ಪ ಪ್ರಾಮಾಣಿಕವಾಗಿ ಹೇಳಿದರು: "ನಾವು ನಾಲ್ಕು ಜನ. ಐದನೇವ್ರು ನಿಮ್ಮ ಗುರುಪ್ರಕಾಶ್ ಸಾಹೇಬ್ರು." ಇಡೀ ವರ್ಷ ಏನನ್ನೂ ವರದಿ ಮಾಡದಿದ್ದ ಊರು ಕೊನೆಗೆ ವರದಿ ಮಾಡಿದ್ದು ನಮ್ಮ ಯಜಮಾನರನ್ನು.

ಭಾನುವಾರ ಬೆಳಿಗ್ಗೆ ರಕ್ಷಿತಾ ಬಂದಳು. ಹೊತ್ತವರನ್ನೆಲ್ಲ ಮಾತಾಡಿಸುವ ಕೆಲಸ ಅವಳಿಗೇ ಬಿದ್ದಿತ್ತು, ಐದನೆಯವರನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಕಲಿಸಿದ ಗುರುವಿನ ಎದುರು ಚಾಪೆಯ ತುದಿಯಲ್ಲಿ ಕೂತು, ಗುರು ತಾವೇ ಬರೆದ ಪ್ರಶ್ನೆಗಳನ್ನು ತೆಗೆದಳು. ನಾನು ಒಳಗೆ ಉಪ್ಪಿಟ್ಟು ತಿರುವುತ್ತಿದ್ದೆ.

"ಸರ್, ಕಾಡಿನ ಕಡೆ ಹೋಗೋ ಮುಂಚೆ ಎಣ್ಣೆ ಹಚ್ಕೊಂಡಿದ್ರಾ?"

"ಹಚ್ಕೊಂಡಿದ್ದೆ."

ನನಗೆ ನಗು ಬಂತು. ಆ ಎಣ್ಣೆಯ ಬಾಟಲಿ ನಮ್ಮ ಅಡಿಗೆಮನೆಯ ಕಿಟಕಿಯಲ್ಲೇ, ಸೀಲು ಒಡೆಯದೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಕೂತಿತ್ತು. ಅದರ ವಾಸನೆ ಅವರಿಗೆ ಆಗಿಬರುವುದಿಲ್ಲ.

"ಸತ್ತ ಪ್ರಾಣಿನ ಮುಟ್ಟಿದ್ರಾ ಸರ್?"

"ಮುಟ್ಟಿಲ್ಲ... ಅಂದ್ರೆ, ನಾನು ಮುಟ್ಟಿದ್ದು ಬಿದಿರು."

"ಮನೆಯವ್ರಿಗೆ ತಿಳಿಸಿದೀರಾ?"

"ತಿಳಿಸಿದೀನಿ."

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಏನ್ ತಿಳಿಸೀರಿ ನನಗೆ? ಯಾರು ಸತ್ತಿದ್ದು? ಏನ್ರೀ ಮುಟ್ಟೀರಿ?" ಎಂದೆ. ಅವರ ಬಲಗೈ ತಾನಾಗಿ ಹೋಗಿ ಬಲ ಹೆಗಲನ್ನು ಮುಟ್ಟಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ರಕ್ಷಿತಾ ಚಾಪೆ ನೋಡುತ್ತ ಎಲ್ಲ ಹೇಳಿಬಿಟ್ಟಳು. ಅಂಗಿ ಒಗೆದದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಉಪ್ಪಿಟ್ಟು ತಳ ಹಿಡಿಯಿತು.

ನನಗೆ ಸಿಟ್ಟು ಬಂತು ಎಂದರೆ ಅರ್ಧ ಮಾತಾಗುತ್ತದೆ. ನನಗೆ ಹೆದರಿಕೆಯಾಯಿತು. ತುಂಗಮ್ಮನ ಸ್ಥಿತಿಯನ್ನು ಇವರೇ ನನಗೆ ವರ್ಣಿಸಿದ್ದರು. ಮೂಗಿನಿಂದ ರಕ್ತ, ಎದ್ದು ಕೂರಲಾರದ ಸಂಕಟ. ಅದೆಲ್ಲ ಈ ಮನುಷ್ಯನಿಗೆ ಬಂದರೆ? ಹೆದರಿದ್ದು ಗೊತ್ತಾಗಬಾರದೆಂದು ಇನ್ನೂ ಜೋರಾಗಿ ಬೈದೆ. ಮಂಡಿಯಲ್ಲಿ ಕಲಿತ ಮಾತುಗಳೆಲ್ಲ ಬಂದವು. ಮಾವ ವಿಭೂತಿ ಹಚ್ಚಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಇಣುಕಿ ನೋಡಿ, ಒಳಗೆ ಹೋದರು.

ಯಜಮಾನರು ತಲೆ ತಗ್ಗಿಸಿ ಕೇಳಿದರು. ಆಮೇಲೆ ರಕ್ಷಿತಾಳ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ನೋಡಮ್ಮ. ನೀನು ಮೂರು ಪ್ರಶ್ನೆ ಕೇಳಿದೆ, ಮೂರಕ್ಕೂ ಸುಳ್ಳು ಹೇಳಿದೆ. ನಾನು! ಇದನ್ನ ಬರೆದವನು ನಾನೇ. ಬೈಸ್ಕೋಬೇಕಾಗ್ತದೆ ಅಂತ ಗೊತ್ತಿದ್ರೆ ಯಾರು ನಿಜ ಹೇಳ್ತಾರೆ? ಹರಿದು ಹಾಕು ಇದನ್ನ." ಇಬ್ಬರೂ ಅಲ್ಲೇ ಕೂತು, ತಳ ಹಿಡಿದ ಉಪ್ಪಿಟ್ಟು ತಿನ್ನುತ್ತ, ಪ್ರಶ್ನೆಗಳನ್ನು ಹೊಸದಾಗಿ ಬರೆದರು. ಎಣ್ಣೆ ಹಚ್ಚಿದಿರಾ ಎಂಬ ಜಾಗಕ್ಕೆ, "ಆ ಎಣ್ಣೆ ವಾಸನೆ ಜಾಸ್ತಿ, ಅಲ್ವಾ?" ಎಂದು ಬಂತು. ಅಂಥದ್ದೂ ಒಂದು ಪ್ರಶ್ನೆಯೇ ಎಂದು ನಾನು ಮೂಗು ಮುರಿದೆ.

ಅವತ್ತು ಸಾಯಂಕಾಲ ಅವರು ಎರಡು ಫೋನು ಮಾಡಿದರು. ಮೊದಲನೆಯದು ಅಧಿಕಾರಿಗಳಿಗೆ. "ಸರ್, ಐದನೇ ಹೆಗಲು ನಂದು" ಎಂದರು. ಆ ಕಡೆಯವರು, ಜ್ವರದ ಗಡುವು ಮುಗಿಯುವವರೆಗೆ ಊರುಗಳ ಕಡೆ ತಲೆ ಹಾಕಬೇಡಿ ಎಂದು ಮಾತ್ರ ಹೇಳಿದರಂತೆ. ಎರಡನೆಯದು ರಂಗಪ್ಪನವರಿಗೆ. ಅದು ನನಗೂ ಕೇಳಿಸುತ್ತಿತ್ತು.

"ನಿಮಗೂ ಬೈದ್ರಾ ಸಾಹೇಬ್ರೆ?"

"ಬೈದ್ರು."

"ಯಾರು, ಆಫೀಸಿನೋರಾ?"

"ಮನೇಲಿ."

ರಂಗಪ್ಪ ಕೆಮ್ಮು ಬರುವಷ್ಟು ನಕ್ಕರು. ಜ್ವರ ಬಂದರೆ ಹೇಳಿ, ನಾವೂ ಹೇಳುತ್ತೇವೆ ಎಂದು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡರು.

ನಾನು ಅವರ ಹಾಸಿಗೆಯನ್ನು ಹೊರಗಿನ ಜಗಲಿಗೆ ಹಾಕಿದೆ. "ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ ಕಣೇ" ಎಂದರು. "ಗೊತ್ತು. ಇದು ರೋಗಕ್ಕಲ್ಲ, ಸುಳ್ಳಿಗೆ" ಎಂದೆ. ಅವರು ಎದುರಾಡದೆ ಮಲಗಿದರು. ನಾಲ್ಕನೇ ದಿನ ಬೆಳಿಗ್ಗೆ ಮೈ ಬಿಸಿಯಿತ್ತು. ಅವರು ತಾವೇ ಫೋನು ಮಾಡಿ ಹೇಳಿದರು, ರಕ್ತ ಕೊಟ್ಟರು. ರಕ್ತ ಶಿವಮೊಗ್ಗಕ್ಕೆ ಹೋಗಿ ಫಲ ಬರುವವರೆಗೆ ನಾನು ಮಂಡಿಗೆ ಹೋಗಲಿಲ್ಲ. ದೇವರ ಕೋಣೆಯಲ್ಲಿ ಕೂತು ಹರಕೆ ಹೊತ್ತೆ, ಒಂದಲ್ಲ, ನೆನಪಿಗೆ ಬಂದಷ್ಟು. ಮರುದಿನ ಫಲ ಬಂತು. ಮಂಗನ ಕಾಯಿಲೆ ಅಲ್ಲ. ಜಗಲಿಯ ಥಂಡಿಗೆ ಬಂದ ನೆಗಡಿ ಜ್ವರ.

ಮಾವ ನನ್ನ ಮುಖ ನೋಡಿದರು. ನಾನು ಹಾಸಿಗೆ ಒಳಗೆ ತಂದೆ.

ಆದರೂ ಅವರ ಮುಖ ಅರಳಲಿಲ್ಲ. ಬೈನೆಗದ್ದೆಯಿಂದ ಏನೂ ಸುದ್ದಿ ಇರಲಿಲ್ಲ. ಹೊತ್ತವರು ನಾಲ್ವರೂ ಚೆನ್ನಾಗಿದ್ದರು, ಆದರೆ ಆ ಸುದ್ದಿಗಾಗಿ ಅಲ್ಲ ಇವರು ಕಾಯುತ್ತಿದ್ದದ್ದು. ಊರಿನವರು ಮತ್ತೆ ಕದ್ದು ಚಟ್ಟ ಕಟ್ಟಿದರೆ ಕಾಡು ಹೋಯಿತು, ಗೊಬ್ಬರ ಹೋಯಿತು, ಇನ್ನೊಂದು ತುಂಗಮ್ಮ ಮಲಗಿದರೂ ಮಲಗಬಹುದು. ಸ್ನಾನಕ್ಕೆ ಹೋದರೂ ಫೋನು ಬಚ್ಚಲ ಹೊಸ್ತಿಲ ಮೇಲೆ. ಜೋಳದ ವ್ಯಾಪಾರಿಗಳು ಕರೆದರೆ, "ರಂಗಪ್ಪನೋರಾ?" ಎಂದು ಎತ್ತಿಕೊಳ್ಳುತ್ತಿದ್ದರು. ನನಗೆ ಕನಿಕರವಾಯಿತು. ಹಾಗೆಂದು ಅವರಿಗೆ ಹೇಳಲಿಲ್ಲ.

ಗಡುವು ಮುಗಿದು ಎರಡು ದಿನಕ್ಕೆ, ನಾವು ತಿಂಡಿಗೆ ಕೂತಿದ್ದಾಗ ಫೋನು ಬಂತು.

"ಸಾಹೇಬ್ರೆ, ಕಲ್ಲಪ್ಪನ ಗದ್ದೆ ಬದುವಿಗೆ ಒಂದು ಬಿದ್ದದೆ. ಆಸ್ಪತ್ರೆಗೂ ಹೇಳೀವಿ. ಯಾರೂ ಮುಟ್ಟಿಲ್ಲ, ದನ ಕೂಡ ಆ ಕಡೆ ಬಿಟ್ಟಿಲ್ಲ. ಈ ಸಲ ಹಾರ ನೀವು ತರ್ಬೇಕು. ಐದನೇ ಹೆಗಲಿನೋರು ನೀವು."

ಅವರು ದೋಸೆ ಬಿಟ್ಟು ಎದ್ದರು. ನಾನೂ ಎದ್ದೆ. ಈ ಮನುಷ್ಯನನ್ನು ಇನ್ನೊಂದು ಚಟ್ಟದ ಎದುರಿಗೆ ಒಂಟಿಯಾಗಿ ಕಳಿಸುವಷ್ಟು ಧೈರ್ಯ ನನಗಿರಲಿಲ್ಲ. ದಾರಿಯಲ್ಲಿ ಸೊರಬದ ಪೇಟೆಯಲ್ಲಿ ಸೇವಂತಿಗೆ ಹಾರ ಕೊಂಡೆವು. ಚೌಕಾಸಿ ಮಾಡದೆ ನಾನು ಹೂವು ಕೊಂಡದ್ದನ್ನು ಅವರು ಗಮನಿಸಿದರು.

ಬೈನೆಗದ್ದೆ ತಲುಪಿದಾಗ ಊರಿಗೆ ಊರೇ ಗದ್ದೆಯ ಈಚೆ ಬದುವಿನ ಮೇಲೆ ಸಾಲಾಗಿ ನಿಂತಿತ್ತು. ಎಲ್ಲರೂ ಕೈಕಟ್ಟಿ ನಿಂತಿದ್ದರು. ದೂರ ಇಪ್ಪತ್ತು ಅಡಿಗಿಂತ ಹೆಚ್ಚೇ ಇತ್ತು. ಸೊರಗಿದ ತುಂಗಮ್ಮನೂ ಕಲ್ಲಪ್ಪನ ತೋಳು ಹಿಡಿದು ಬಂದಿದ್ದಳು. ಆಚೆ, ಮೈತುಂಬ ಬಿಳಿ ಕವಚದ ಇಬ್ಬರು ಸಿಬ್ಬಂದಿ ನಮ್ಮ ಹಾರವನ್ನು ಮಂಗನ ಮೇಲಿಟ್ಟರು, ಕುಂಕುಮ ಹಚ್ಚಿದರು. ಅವರಲ್ಲೊಬ್ಬರು ಕವಚದೊಳಗಿಂದಲೇ ಕೈಮುಗಿದರು. ಈಚೆಯಿಂದ ರಂಗಪ್ಪ ಜಾಗಟೆ ಬಾರಿಸಿದರು.

ಜಾಗಟೆ ಕೇಳಿದ ಕೂಡಲೇ ನಮ್ಮವರು ಒಂದು ಹೆಜ್ಜೆ ಮುಂದಿಟ್ಟರು. ನನಗೆ ಗೊತ್ತೇ ಇತ್ತು. ಮೊದಲೇ ಅವರ ಅಂಗಿಯ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ಹಿಂದಕ್ಕೆ ಜಗ್ಗಿದೆ. ನಿಂತರು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ, ನಮಗಿಂತ ಮೊದಲೇ ಬಂದು ನಿಂತಿದ್ದ ರಕ್ಷಿತಾ ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಚಪ್ಪಲಿ ಹಾಕ್ಕೊಳ್ಳಿ. ಉಣುಗು ಇರ್ತಾವೆ" ಎಂದಳು.

ಕೆಳಗೆ ನೋಡಿದೆ. ನನ್ನ ಚಪ್ಪಲಿ ಕಾಲಲ್ಲಿರಲಿಲ್ಲ. ಯಾವಾಗ ಬಿಟ್ಟೆನೋ, ದೇವರಾಣೆಗೂ ಗೊತ್ತಿಲ್ಲ. ಹಿಂದೆ ಹುಲ್ಲಿನ ಮೇಲೆ ಜೋಡಿಸಿಟ್ಟಂತೆ ಇದ್ದವು. ಹೋಗಿ ಹಾಕಿಕೊಂಡೆ. ಅಷ್ಟಕ್ಕೇ ಬಿಡಬಾರದಾ ಆ ಹುಡುಗಿ? "ಎಣ್ಣೆ ಹಚ್ಚಿದೀರಲ್ಲ ಮೇಡಂ?" ಎಂದು ಕೇಳಿದಳು.

"ಹಚ್ಚೀನಮ್ಮ" ಎಂದೆ. ಬಾಟಲಿ ಶಿಕಾರಿಪುರದಲ್ಲಿ, ಕಿಟಕಿಯಲ್ಲಿತ್ತು.

ಯಜಮಾನರು ತಿರುಗಿ ನನ್ನನ್ನು ನೋಡಿದರು. ಇಷ್ಟು ವರ್ಷದ ಬೈಗುಳಕ್ಕೆಲ್ಲ ಒಂದೇ ಸಲಕ್ಕೆ ಬಡ್ಡಿ ಸಮೇತ ತೀರಿಸಿಕೊಳ್ಳಬಹುದಿತ್ತು, ಇಡೀ ಊರು ಎದುರಿಗಿತ್ತು. ಅವರು ಹಾಗೆ ಮಾಡಲಿಲ್ಲ. ನನ್ನ ಹತ್ತಿರ ಬಗ್ಗಿ, ಇನ್ನೊಬ್ಬರಿಗೆ ಕೇಳಿಸದ ಹಾಗೆ ಕೇಳಿದರು:

"ವಾಸನೆ ಜಾಸ್ತಿ, ಅಲ್ವಾ?"

ಆಚೆ ಬೆಂಕಿ ಹತ್ತಿಕೊಂಡಿತು. ಊರಿನವರು ಕೈಮುಗಿದರು.

"ಹೌದ್ರೀ" ಎಂದೆ. "ಹಚ್ಚಿಲ್ಲ."

ಅವರು ಹೆಗಲ ಚೀಲದಿಂದ, ಕಿಟಕಿಯಲ್ಲಿದೆ ಎಂದು ನಾನು ತಿಳಿದಿದ್ದ ಬಾಟಲಿಯನ್ನೇ ತೆಗೆದು ನನ್ನ ಕೈಗೆ ಕೊಟ್ಟರು. ಅದರ ಸೀಲು ಒಡೆದಿತ್ತು.